ಗೋಡೆಯಾಚೆಯ ಶರ್ಮಾ ಆಂಟಿ

ಭಾನುವಾರ ಸಂಜೆ ಮಯೂರ್ ವಿಹಾರಿನ ಗ್ರೇಸಿ ಅಕ್ಕನ ಫ್ಲ್ಯಾಟಿನಲ್ಲಿ ನಾವು ಐದಾರು ಕನ್ನಡದವರು ಕೂತು ಬೈಬಲ್ ಓದುತ್ತೇವೆ. ಗುರುಗ್ರಾಮದ ಆಫೀಸಿನ ತಲೆಬಿಸಿ ಇಳಿಸಲು ನನಗೆ ಅದೇ ಔಷಧಿ. ನಮ್ಮ ಪ್ರಾರ್ಥನೆ ಮಾತ್ರ ಸ್ವಲ್ಪ ಜೋರು, ಪಕ್ಕದ ಮನೆಗೂ ಕೇಳಿಸುತ್ತದೆ.

ಆ ವಾರ ಓದಿದ್ದು, ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂಬ ಯೇಸುಸ್ವಾಮಿಯ ಮಾತು. ಓದಿದರೆ ಸಾಲದು, ಪಾಲಿಸಬೇಕು ಎಂದು ನಾನೇ ಹಟ ಹಿಡಿದೆ. ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಮನಸ್ಸಿನಲ್ಲೇ ಪ್ರಾರ್ಥಿಸಿದೆವು.

ಅಷ್ಟರಲ್ಲಿ ಬೆಲ್ ಆಯಿತು. ಪಕ್ಕದ ಮನೆಯ ಶರ್ಮಾ ಆಂಟಿ ಗೋಡೆ ಹಿಡಿದು ನಿಂತಿದ್ದರು.

"ಇವತ್ತು ಪ್ರಾರ್ಥನೆ ಇಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದರು.

"ಮನಸ್ಸಿನಲ್ಲೇ ಮಾಡಿದೆವು, ಆಂಟಿ," ಎಂದೆ.

"ಅಚ್ಛಾ. ನಾಡಿದ್ದು ನನ್ನ ಮಂಡಿ ಆಪರೇಷನ್. ನಿಮ್ಮ ಭಾಷೆಯ ನಡುವೆ ನನ್ನ ಹೆಸರು ಕೇಳಿಸಿದ್ದರೆ ಧೈರ್ಯ ಬರುತ್ತಿತ್ತು."

ಚಿಂತೆ ಮಾಡಬೇಡಿ ಎಂಬ ವಚನ ನನ್ನ ಬಾಯಿಗೆ ಬಂತು, ನುಂಗಿಕೊಂಡೆ. ಗ್ರೇಸಿ ಅಕ್ಕ ಅವರನ್ನು ಮನೆಗೆ ಬಿಟ್ಟು ಬಂದು, ಅವರ ಕಡೆಗಿನ ಕಿಟಕಿ ತೆರೆದು, ಗಂಟಲು ಸರಿಮಾಡಿಕೊಂಡು ಜೋರಾಗಿ ಪ್ರಾರ್ಥಿಸಿದರು. 'ಶರ್ಮಾ ಆಂಟಿ' ಅನ್ನುವಲ್ಲಿ ಪಾತ್ರೆಗಳೂ ಅದುರಿದವು.

ಆಮೆನ್ ಆದಮೇಲೆ, "ಹಾಗಾದರೆ ಓದಿದ್ದನ್ನು ಪಾಲಿಸೋದು?" ಅಂದೆ.

"ಬಾಗಿಲು ಮುಚ್ಚೇ ಇದೆಯಲ್ಲ," ಅಂದರು ಅಕ್ಕ. "ಕಿಟಕಿ ಬಗ್ಗೆ ಸ್ವಾಮಿ ಏನೂ ಹೇಳಿಲ್ಲ."