ಕೂಸಿನ ಕಾಲ್ಗುಣ

ನನ್ನ ತಂಗಿ ದೇವಕಮ್ಮನಿಗೆ ಕೂತಲ್ಲಿ ಕೂರುವುದು ಗೊತ್ತೇ ಇರಲಿಲ್ಲ. ಕಾಲುವೆ ನೀರು ಬಂದ ಮೇಲೆ ಸುರಪುರದ ಕಡೆ ಭತ್ತದ ನಾಟಿ ಶುರುವಾಯಿತಲ್ಲ, ಅಲ್ಲಿ ಅವಳ ಬೆರಳಿನ ವೇಗ ಕಂಡು ಗಂಡಸರೂ ಬಾಯಿ ಬಿಡುತ್ತಿದ್ದರು. ಅಂಥವಳಿಗೆ ಮದುವೆಯಾದ ಎರಡನೇ ವರ್ಷ ಬೆರಳ ಗೆಣ್ಣು, ಮಣಿಕಟ್ಟು, ಮೊಣಕಾಲು ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲೂ ಆಗದು.

"ಕಾಲುವಿ ನೀರು ಕೀಲಿನಾಗ ಇಳದಾವ," ಅಂದಳು ಅವಳ ಅತ್ತೆ ಮಾನಮ್ಮ. ಅಷ್ಟರಲ್ಲಿ ದೇವಕಮ್ಮ ಬಸುರಾದಳು, ನಾಟಿ ಬಿಟ್ಟಳು. ನೋವು ಮಾಯ! ಅತ್ತೆಯ ಮಾತೇ ನಿಜವೆಂದು ನಾವೂ ತಲೆದೂಗಿದೆವು.

ಬಾಣಂತನಕ್ಕೆ ತವರಿಗೆ, ಅಬ್ಬೆತುಮಕೂರಿಗೆ ಬಂದಳು. ಕೆಸರಿಗೆ ಕಾಲಿಡಲೇ ಇಲ್ಲ. ಆದರೂ ಹೆಣ್ಣುಕೂಸು ಹುಟ್ಟಿ ಕೆಲವೇ ವಾರಕ್ಕೆ ಬಾವು ಮೊದಲಿಗಿಂತ ಜೋರಾಗಿ ಬಂತು. ಕೂಸನ್ನು ಎತ್ತಲು ಹೋಗಿ "ಅಯ್ಯವ್ವಾ" ಎಂದು ಕೈ ಹಿಂದೆಗೆಯುತ್ತಿದ್ದಳು.

ನೋಡಲು ಬಂದ ಮಾನಮ್ಮ ಹೊಸ ರಾಗ ತೆಗೆದಳು. "ಇದು ಕೂಸಿನ ಕಾಲ್ಗುಣ. ಹುಟ್ಟಿದ್ದೇ ತಡ ತಾಯೀನ ಹಿಡೀತು. ಸೈದಾಪುರದಾಗ ನನ್ನ ಮಗಳ ಮನಿಗಿ ಕೊಟ್ಟುಬಿಡ್ರಿ, ಸಾಕ್ಕೋತಾಳ."

ನನಗೆ ಮೈಯೆಲ್ಲ ಉರಿಯಿತು. ದೇವಕಮ್ಮ ಕುಂಟುತ್ತ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದಳು, ನಿಂತಳು, ಮತ್ತೆ ತಿರುಗಿದಳು.

"ಅಕ್ಕ, ಹೊಟ್ಟಿಯಾಗ ಇದ್ದಾಗ ಛಲೋ ಇದ್ದೆ. ಹೊರಗ ಬಂತು, ಹಿಂಗಾಯ್ತು. ಅತ್ತಿ ಅನ್ನೋದು ಖರೆ ಇದ್ರ?"

"ಸುಮ್ಕಿರು ಹುಚ್ಚಿ!" ಎಂದೆ.

ಮಾರನೆಯ ದಿನ ತಾಯಿ, ಕೂಸು ಇಬ್ಬರನ್ನೂ ಯಾದಗಿರಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಮಾನಮ್ಮನೂ ಬೆನ್ನುಹತ್ತಿದಳು. ಡಾಕ್ಟರಮ್ಮ ಮೊಣಕಾಲಿಗೆ ಸೂಜಿ ಹಾಕಿ ಹಳದಿ ನೀರು ಎಳೆದರು.

"ನೋಡ್ರಿ, ಕಾಲುವಿ ನೀರು!" ಅಂದಳು ಮಾನಮ್ಮ.

"ಅಲ್ಲಮ್ಮ. ರೋಗ ಬಂದ್ರ ಬಡದಾಡಾಕ ರಕ್ತದಾಗ ಕಾವಲು ಕಣ ಇರ್ತಾವ. ಈಕಿ ಮೈಯಾಗ ಅವಕ್ಕ ತಮ್ಮವರು ಯಾರು, ಹೊರಗಿನವರು ಯಾರು ತಿಳೀವಲ್ದು. ಕೀಲಿಗೇ ಬಾಯಿ ಹಾಕ್ಯಾವ."

"ಮತ್ತ ಬಸುರಿದ್ದಾಗ ಯಾಕ ಕಮ್ಮಿ ಇತ್ರಿ?" ನಾನೇ ಕೇಳಿದೆ.

"ಕೂಸಿನಾಗ ಅರ್ಧ ಅದರ ಅಪ್ಪಂದು, ಅಂದ್ರ ತಾಯಿ ಮೈಗಿ ಹೊರಗಿಂದು. ಕಾವಲಿನವರು ಅದಕ್ಕ ಕಾಡಬಾರದಂತ ಮೈ ಆಗ ಅವನ್ನ ತಣ್ಣಗ ಮಾಡ್ತದ. ಹಂಗಾಗಿ ಭಾಳ ಮಂದಿಗಿ ಕೀಲುನೋವೂ ಇಳೀತದ. ಹಡದ ಮ್ಯಾಲ ಮತ್ತ ಏಳ್ತದ. ಹಾಲು ಕುಡಿಸೋರಿಗಿ ನಡಿಯೋ ಗುಳಿಗಿ ಕೊಡ್ತೀನಿ. ಲಗೂನ ಗುಣ ಕಾಣಲ್ಲ, ಬಿಡದಂಗ ನುಂಗಬೇಕು."

ದೇವಕಮ್ಮ ನನ್ನ ತೊಡೆಯ ಮೇಲಿದ್ದ ಕೂಸನ್ನೇ ನೋಡಿದಳು. ಆಮೇಲೆ ಅತ್ತೆಯತ್ತ ತಿರುಗಿದಳು. ಅಷ್ಟು ಗಟ್ಟಿ ದನಿ ನಾನು ಕೇಳಿ ಎಷ್ಟು ದಿನವಾಗಿತ್ತೋ!

"ಕೇಳಿದ್ರಿಲ್ಲ ಅತ್ತಿ? ಈಕಿ ಹೊಟ್ಟಿಯಾಗ ಇದ್ದದ್ದಕ್ಕ ನನಗ ಅಷ್ಟು ದಿನ ಆರಾಮಿತ್ತು. ಈಕೀನ ಯಾರಿಗೂ ಕೊಡಲ್ಲ."

ಮಾನಮ್ಮ ಸೈದಾಪುರದ ಸುದ್ದಿ ಎತ್ತಲಿಲ್ಲ. ಸೆರಗು ಸರಿಮಾಡಿಕೊಂಡು, "ಹಂಗಿದ್ರ ಇನ್ನೊಂದು ಹಡಿಯವ್ವ, ನೋವು ಹೋಗ್ತದ," ಅಂದಳು.

ಡಾಕ್ಟರಮ್ಮ ನಕ್ಕರು. ನನಗೂ ನಗು ಬಂತು.

"ಮದಲ ಈಕೀನ ಎತ್ಕೊಳ್ಳಂಗ ಆಗಲಿ ಅತ್ತಿ," ಎಂದು ದೇವಕಮ್ಮ ಅತ್ತೇಬಿಟ್ಟಳು.