ಎರಡು ದೊಡ್ಡ ಎನ್

ಅದು ಮಂಗಳವಾರವೋ ಬುಧವಾರವೋ, ಈಗ ಖಚಿತವಿಲ್ಲ. ಮಾಮಾ ಫೋನಿನಲ್ಲಿ ಆಡಿದ ಮಾತುಗಳನ್ನೂ ನಾನು ಆಮೇಲೆ ಒಂದಿಷ್ಟು ತಿದ್ದಿಕೊಂಡಿರಬಹುದು. ಆದರೆ ಪರದೆಯ ಮೇಲಿದ್ದ ಸಾಲನ್ನು ಮರೆತಿಲ್ಲ: ಲಾಗಿನ್ ವಿಫಲವಾದ್ದರಿಂದ ಸರ್ವಿಸ್ ಶುರುವಾಗಲಿಲ್ಲ.

ಮರಾಠಿ ಸೀಮೆಯ ಚಾಕಣದಲ್ಲಿ, ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಹಿಂದಿನ ಸಂಜೆ ಹಳೆಯ ಸರ್ವರಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸಿದ್ದೆವು. ಬೆಳಿಗ್ಗೆ ಯಂತ್ರ ಎದ್ದಿತು. ಅದರೊಳಗೆ ಕಣ್ಣಿಗೆ ಬೀಳದೆ ಓಡಬೇಕಿದ್ದ ಡೇಟಾಬೇಸ್ ಸರ್ವಿಸ್ ಮಾತ್ರ ಏಳಲಿಲ್ಲ. ಡಿಸ್ಕಿನಲ್ಲಿ ಜಾಗವಿತ್ತು. ಫೋಲ್ಡರುಗಳ ಅನುಮತಿ ಸರಿಯಿತ್ತು. ಲಾಗ್ ತೆರೆದಾಗ ಆ ಸಾಲು ಕಂಡಿತು. ಸರ್ವಿಸ್ ನಡೆಯುತ್ತಿದ್ದ ಖಾತೆಯ ಪಾಸ್‌ವರ್ಡನ್ನು ಹೊಸ ಯಂತ್ರ ಕೇಳುತ್ತಿತ್ತು. ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಬದಲಿಸೋಣವೆಂದರೆ ತೂಕದ ಯಂತ್ರಗಳ ಕಂಪ್ಯೂಟರುಗಳೂ ಅದೇ ಖಾತೆಯಲ್ಲಿದ್ದವು. ಒಂದೊಂದನ್ನೇ ಬದಲಿಸಲು ಇಡೀ ದಿನ ಬೇಕು. ಡೇಟಾಬೇಸ್ ಇಲ್ಲದೆ ಬಿಲ್ಲಾಗದೆ ಗೇಟಿನಲ್ಲಿ ಲಾರಿಗಳು ನಿಂತಿದ್ದವು.

"ಕಾಕಾಂನಾ ಫೋನ್ ಲಾವ್ ನಾ," ಎಂದರು ಸಾಹೇಬರು, ಕಾಕಾಗೆ ಫೋನ್ ಹಚ್ಚು ಎಂದು.

ಹಳೆಯ ಸರ್ವರನ್ನೂ ಆ ಖಾತೆಯನ್ನೂ ಮಾಡಿಟ್ಟು ಆಫೀಸಿಗೆಲ್ಲ ಕಾಕಾ ಆಗಿದ್ದವರು ನನ್ನ ಸೋದರಮಾವ. ಅದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರು ನಿವೃತ್ತರಾಗುವ ಮುಂಚೆ ಎರಡು ವರ್ಷ ನಾವು ಎದುರುಬದುರು ಕುಳಿತು ಮರಾಠಿಯಲ್ಲೇ ಮಾತಾಡಿದೆವು. ಅವ್ವನಿಗೂ ಅವರಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು; ಕನ್ನಡದಲ್ಲಿ ಬಾಯಿ ತೆರೆದರೆ ಆ ಜಗಳವೂ ಬಂದು ಮೇಜಿನ ಮೇಲೆ ಕೂರುತ್ತದೆಂಬ ಭಯವಿತ್ತೇನೋ. ಭಯ ನನ್ನದೋ ಅವರದೋ, ಹೇಳಲಾರೆ. ಹೋದ ವರ್ಷ ಅವ್ವ ತೀರಿಕೊಂಡಾಗ ಅವರು ತಮ್ಮ ತಳೇಗಾಂವದಿಂದ ಬಿಬವೇವಾಡಿಯ ನಮ್ಮ ಮನೆಗೆ ಬರಲಿಲ್ಲ. ಇನ್ನು ಅವರೊಂದಿಗೆ ಮಾತಿಲ್ಲ ಎಂದುಕೊಂಡಿದ್ದೆ. ಅಂದಿನಿಂದ ಮನೆಯಲ್ಲಿ ನಾನೊಬ್ಬಳೇ. ಕೆಲವು ದಿನ ಒಂದೂ ಕನ್ನಡದ ಮಾತಿಲ್ಲದೆ ಮುಗಿಯುತ್ತವೆ.

ಫೋನ್ ಮಾಡಿದೆ.

"ಬೋಲಾ," ಎಂದರು ಮರಾಠಿಯಲ್ಲೇ.

"ಮಾಮಾ, ನಾನ್ರೀ."

"ಅಲಾ ಇಕಿನ! ಕನ್ನಡ ಮರ್ತಿಲ್ಲಲ್ಲ ನೀ."

ವಿಷಯ ಹೇಳಿದೆ. ನಕ್ಕರು. "ನೋಡ, ನಾ ರಿಟೈರ್ ಆದ್ರೂ ನನ್ನ ಪಾಸ್‌ವರ್ಡ್ ಇನ್ನೂ ಡ್ಯೂಟಿ ಮಾಡ್ಲಿಕತ್ತದ."

"ಲಾರಿ ನಿಂತಾವ್ರೀ. ಏನದ, ಹೇಳ್ರಿ."

"ನಿಮ್ಮವ್ವಗ ನಾ ಏನಂತ ಕರೀತಿದ್ದೆ, ಅದ."

ಅವರಿಗೆ ಇಬ್ಬರು ಅಕ್ಕಂದಿರು. ಅವರಲ್ಲಿ ಅವ್ವ ಕಿರಿಯಳು. ಸಣ್ಣಕ್ಕ. ಇದು ನನಗೇ ಹೊಳೆಯಿತೋ, ಅವರೇ ಹೇಳಿದರೋ, ಇಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದೆ. ವಿಫಲ. ಮತ್ತೆ ಒತ್ತಿದೆ. ವಿಫಲ.

"ಎನ್ ಹೆಂಗ ಹೊಡದಿ?"

"ಸಣ್ಣದ್ರೀ."

"ಅದಕ್ಕ ಮತ್ತ! ಆಕಿ ಏನ್ ಸನ್ನಕ್ಕನ? ಣ ಅದ ಅಲ್ಲಿ. ದೊಡ್ಡ ಎನ್ ಹೊಡಿ, ಎರಡೂ."

ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡ ಬರೆದು ರೂಢಿಯಿದ್ದವರು ಹಾಗೇ ಮಾಡುತ್ತಾರೆ, ನಕಾರಕ್ಕೆ ಸಣ್ಣ ಎನ್, ಣಕಾರಕ್ಕೆ ದೊಡ್ಡದು. ಸರ್ವಿಸ್ ಶುರುವಾಯಿತು. ಸಾಹೇಬರು ಕೈ ಎತ್ತಿ ಗೇಟಿನವರಿಗೆ ಸನ್ನೆ ಮಾಡಿದರು. ನಾನು ತಿರುಗಿ ಫೋನ್ ಕಿವಿಗಿಟ್ಟಾಗ ಅದು ಕಟ್ಟಾಗಿತ್ತು.

ಫೋನಿನಲ್ಲಿ ಎಲ್ಲರೆದುರು ಆಡಿದ ಪಾಸ್‌ವರ್ಡನ್ನು ಉಳಿಸಿಕೊಳ್ಳುವಂತಿರಲಿಲ್ಲ. ಭಾನುವಾರ ಖಾಲಿ ಆಫೀಸಿಗೆ ಹೋಗಿ ಒಂದೊಂದೇ ಯಂತ್ರದಲ್ಲಿ ಬದಲಿಸುತ್ತಾ ಬಂದೆ. ಕೊನೆಯದರ ಮುಂದೆ ಕೈ ನಿಂತಿತು. ಇದಾದ ಮೇಲೆ ಆ ಹೆಸರಿನಿಂದ ಏನೂ ನಡೆಯುವುದಿಲ್ಲ. ಅವರಿಗೆ ಫೋನ್ ಮಾಡಿದೆ.

"ಮತ್ತ ನಿಂತತೇನ?"

"ಇಲ್ರೀ, ಚಾಲೂ ಅದ. ಮಾಮಾ, ಇಷ್ಟ ವರ್ಷ ಆ ಹೆಸರು ಇಲ್ಲಿ ಇಟ್ಕೊಂಡಿದ್ರಿ. ಒಮ್ಮೆರೆ ಆಕಿಗೆ ಫೋನ್ ಮಾಡಿ ಯಾಕ ಹಂಗ ಕರೀಲಿಲ್ರೀ?"

ಅವರ ಮನೆಯ ಕುಕ್ಕರು ಸೀಟಿ ಹೊಡೆಯಿತು. "ಆಮ್ಯಾಲ ಮಾತಾಡೋಣು," ಎಂದರು. ಫೋನಿಟ್ಟು ಕೊನೆಯದನ್ನೂ ಬದಲಿಸಿದೆ.

ಆಮೇಲೆ ಎರಡು ಸಲ ಮಾತಾಡಿದ್ದೇವೆ, ಸರ್ವರಿನ ಬಗ್ಗೆ.