ಜಡೆಗೊಂದು ಮೊದಲ ಸಾಲು

ಮೊನ್ನೆ ಸೊಸೆ ಸಾರಿಗೆಂದು ಕುಕ್ಕರಿನಲ್ಲಿ ಹುರುಳಿ ಇಟ್ಟಿದ್ದಳು. ಮೊದಲ ಸೀಟಿಯೊಂದಿಗೆ ಎದ್ದ ಆ ವಾಸನೆ, ಸ್ವಲ್ಪ ಮಣ್ಣಿನದು, ಸ್ವಲ್ಪ ಕೊಟ್ಟಿಗೆಯದು, ನನ್ನನ್ನು ಹಲಸೂರಿನ ನಮ್ಮ ಹುಲ್ಲಿನ ಮಂಡಿಯ ಹಿತ್ತಿಲಿಗೆ ಕರೆದುಕೊಂಡು ಹೋಯಿತು. ಎರಡನೇ ಮಹಾಯುದ್ಧದ ವರ್ಷಗಳು ಅವು. ನಮ್ಮಲ್ಲಿ ಬೆಳಗಾಗುತ್ತಿದ್ದುದೇ ಈ ವಾಸನೆಯಿಂದ. ಅಜ್ಜಿ ನಸುಕಿನಲ್ಲೇ ಎದ್ದು ಮೂರು ಕಲ್ಲಿನ ಒಲೆಯ ಮೇಲೆ ಎತ್ತುಗಳ ಹುರುಳಿಗೆ ಹಂಡೆ ಏರಿಸುತ್ತಿದ್ದರು. ಅಪ್ಪ ಬಣವೆಯಿಂದ ಮೊದಲ ಹೊರೆ ಎಳೆಯುತ್ತಿದ್ದಂತೆ ಒಳಗಿದ್ದ ಇಲಿಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಅಜ್ಜಿ ಒಲೆಗಿಡಲೆಂದು ಹಿಡಿದಿದ್ದ ಸೌದೆಯನ್ನೇ ಎತ್ತಿ, ಒಂದೇ ಏಟಿಗೆ ಒಂದನ್ನು ಮುಗಿಸಿ, ಅದೇ ಸೌದೆಯನ್ನು ಒಲೆಗೆ ತಳ್ಳುತ್ತಿದ್ದರು. ರಕ್ತ ಬಿದ್ದ ಜಾಗಕ್ಕೆ ಸಗಣಿನೀರು, ಅದು ಆರುವ ಮೊದಲೇ ಅದರ ಮೇಲೊಂದು ರಂಗೋಲಿ. ನಾನು ಹೇಳಹೊರಟ ಆ ಶನಿವಾರ ಬೆಳಿಗ್ಗೆಯೂ ಹೀಗೇ ಆಯಿತು. ಹಿಂದಿನ ಸಂಜೆ ಬೀದಿ ತುದಿಯ ಹೆಂಡದಂಗಡಿಯ ಮುಂದೆ ಸೋಲ್ಜರುಗಳು ಬಾಟಲಿ ಒಡೆದು ಹೊಡೆದಾಡಿಕೊಂಡಿದ್ದರು. ಎತ್ತಿನ ಗೊರಸಿಗೆ ಚುಚ್ಚೀತೆಂದು ಅಪ್ಪ ಬಾಗಿಲ ಮುಂದಿನ ಗಾಜೆಲ್ಲ ಗುಡಿಸಿದರು. ಒಂದು ಚೂರಿಗೆ ಕೂದಲು ಅಂಟಿಕೊಂಡಿತ್ತು. ಕೆಂಚು ಕೂದಲು.

ನನಗೆ ಜಡೆ ಹಾಕುತ್ತಿದ್ದವಳು ಪುಟ್ಟತ್ತೆ, ಅಪ್ಪನ ತಂಗಿ ಲಕ್ಷ್ಮಿ. ಅಮ್ಮ ನನಗೆ ಬುದ್ಧಿ ಬರುವ ಮುಂಚೆಯೇ ತೀರಿಹೋಗಿದ್ದಳು. ಹಿತ್ತಿಲ ಮೆಟ್ಟಿಲ ಮೇಲೆ ಪುಟ್ಟತ್ತೆ, ಒಂದು ಮೆಟ್ಟಿಲು ಕೆಳಗೆ ನಾನು. ಕಾನ್ವೆಂಟಿಗೆ ಎರಡು ಜಡೆ ಹಾಕಿಕೊಂಡೇ ಹೋಗಬೇಕಿತ್ತು. ಜಡೆಗೊಂದು ಮೊದಲ ಸಾಲು ಎಂದು ನಾವಿಬ್ಬರೂ ಗೊತ್ತು ಮಾಡಿಕೊಂಡಿದ್ದೆವು. ಎಡಗಡೆಯದಕ್ಕೆ ನಾನು ಹೇಳಬೇಕು, ಬಲಗಡೆಯದಕ್ಕೆ ಅವಳು. ಸಾಲುಗಳು ಬರುತ್ತಿದ್ದುದು ಕಾನ್ವೆಂಟಿನ ಗಾಜಿನ ಬೀರುವಿನಿಂದ. ಸಿಸ್ಟರುಗಳು ವಾರಕ್ಕೊಂದು ಕ್ರೈಸ್ತ ಕಾದಂಬರಿಯನ್ನು ಮನೆಗೆ ಕೊಡುತ್ತಿದ್ದರು. ರೋಮಿನ ಚಕ್ರವರ್ತಿಗಳ ಕಾಲದಲ್ಲಿ ಏಸುವನ್ನು ನಂಬಿದವರು ಪಟ್ಟ ಪಾಡಿನ ಕಥೆಗಳು. ಭಕ್ತಿ ಹುಟ್ಟಲೆಂದು ಕೊಡುತ್ತಿದ್ದರು, ನಮಗೆ ಹುಟ್ಟುತ್ತಿದ್ದುದು ಮೈನಡುಕ. ನನ್ನ ಇಂಗ್ಲಿಷಿಗೆ ಆ ದಪ್ಪ ಪುಸ್ತಕಗಳು ಒಂದು ವಾರದಲ್ಲಿ ಮುಗಿಯುತ್ತಿರಲಿಲ್ಲ. ಆದರೆ ಮೊದಲ ಸಾಲನ್ನು ಮಾತ್ರ ಹೇಗಾದರೂ ಕನ್ನಡ ಮಾಡಿ ಪುಟ್ಟತ್ತೆಗೆ ತಂದುಕೊಡುತ್ತಿದ್ದೆ. "ಮೊದಲ್ನೇ ಮಾತು ಸಾಕು ಕಣೆ," ಎನ್ನುತ್ತಿದ್ದಳು, ನಾಲ್ಕನೇ ಕ್ಲಾಸಿಗೆ ಓದು ಬಿಟ್ಟಿದ್ದ ಪುಟ್ಟತ್ತೆ, "ಮಿಕ್ಕಿದ್ದು ನಾನೇ ಕಟ್ಕೊತೀನಿ."

ಗೋಡೆಯಾಚೆ ಫಿಲೋಮಿನಮ್ಮನ ಹೊಲಿಗೆ ಮಿಷನ್ನು. ಆಫೀಸರುಗಳ ಹೆಂಡಂದಿರಿಗೆ ಫ್ರಾಕು ಹೊಲಿಯುತ್ತಿದ್ದ ತಮಿಳು ಕ್ರೈಸ್ತ ಹೆಂಗಸು ಆಕೆ. ಮನೆಯಲ್ಲಿ ಒಬ್ಬಳೇ. ನಮ್ಮ ಆಟ ಕೇಳಿ ಕೇಳಿ ತಾನೂ ಸೇರಿಕೊಂಡಿದ್ದಳು. ನಾವು ಸಾಲು ಹೇಳಿದರೆ ಆಕೆ ಮಿಷನ್ ನಿಲ್ಲಿಸಿ, ಮುಂದೆ ಏನಾಗುತ್ತದೆಂದು ಗೋಡೆಯ ಆ ಕಡೆಯಿಂದಲೇ ಕೂಗುತ್ತಿದ್ದಳು. ಆಕೆಯ ಕಥೆಗಳಲ್ಲಿ ಎಲ್ಲರೂ ಕೊನೆಗೆ ಸ್ವರ್ಗಕ್ಕೆ ಹೋಗುತ್ತಿದ್ದರು, ಪುಟ್ಟತ್ತೆಯ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ.

ಪುಟ್ಟತ್ತೆ ಗಂಡನ ಮನೆ ಬಿಟ್ಟು ಬಂದು ಎರಡು ತಿಂಗಳಾಗಿತ್ತು. ಗಂಡ ಮುನಿಸ್ವಾಮಿ ಮಾವನಿಗೆ ಕೃಷ್ಣರಾಜಪುರದಲ್ಲಿ ಜಟಕಾಗಳಿದ್ದವು. ಕುದುರೆಗೆ ಹೊಡೆದ ಕೈಯಲ್ಲೇ ಹೆಂಡತಿಗೂ ಹೊಡೆಯುತ್ತಿದ್ದ, ಅದೇ ಚಾವಟಿಯಲ್ಲಿ. ಬಂದ ದಿನ ಅವಳ ಎಡಗೈ ಮಣಿಕಟ್ಟು ಬೇರೆಯವರ ಕೈಯನ್ನು ತಂದು ಜೋಡಿಸಿದ ಹಾಗೆ ಓರೆಯಾಗಿತ್ತು. ಅವಳು ಬಗ್ಗಿ ನನ್ನ ಕೂದಲು ಬಿಡಿಸುವಾಗ ನನ್ನ ಕೈಕನ್ನಡಿಯಲ್ಲಿ ಅವಳ ಕತ್ತು ಕಾಣುತ್ತಿತ್ತು, ಕಿವಿಯ ಕೆಳಗಿನಿಂದ ಹೆಗಲವರೆಗೆ ಹಗ್ಗದಂತೆ ಉಬ್ಬಿದ ಗೆರೆ. ಎಣ್ಣೆ ಹಚ್ಚುವಾಗ ಆ ಗೆರೆಗೂ ಒಂದಿಷ್ಟು ಸವರಿಕೊಳ್ಳುತ್ತಿದ್ದಳು. ಆ ಶನಿವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಹೋಗಲು ಮಾವ ಬರುತ್ತೇನೆಂದು ಹೇಳಿ ಕಳಿಸಿದ್ದ. ಹಿಂದಿನ ದಿನ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತಾ ಅಜ್ಜಿಗೆ ಹೇಳಿದ್ದರು: "ಬರ್ಲಿ ಬಿಡು. ನಾನು ಕಳ್ಸಲ್ಲ. ಹುಲ್ಲು ಹೊತ್ತಾದ್ರೂ ನನ್ನ ತಂಗೀನ ಸಾಕ್ತೀನಿ." ಪುಟ್ಟತ್ತೆ ಒಲೆಯ ಕಡೆ ತಿರುಗಿ ಕೂತಿದ್ದಳು. ಅವಳ ಬೆನ್ನು ನಗುತ್ತಿದ್ದುದು ನನಗೆ ಕಂಡಿತು.

ಅದಕ್ಕೇ ಇರಬೇಕು, ಆ ಬೆಳಿಗ್ಗೆ ಅವಳ ದನಿ ಅಷ್ಟು ಎತ್ತರಕ್ಕಿತ್ತು. ಎಡಜಡೆಗೆ ನಾನು ಹಳೆಯದೊಂದನ್ನೇ ಹೇಳಿದೆ: ಸಿಂಹಗಳಿಗೆ ಮೂರು ದಿನದಿಂದ ಏನೂ ಹಾಕಿರಲಿಲ್ಲ.

"ನಮ್ ಯಜಮಾನ್ರ ಕುದುರೆಗಳ ಹಾಗೆ," ಎಂದಳು ಪುಟ್ಟತ್ತೆ. ಗೋಡೆಯಾಚೆ ಫಿಲೋಮಿನಮ್ಮ ಕಿಸಕ್ಕನೆ ನಕ್ಕಳು.

"ಈಗ ನಂದು. ಫಿಲೋಮಿನಮ್ಮಾ, ಕೇಳಿಸ್ಕೊಳ್ಳಿ!" ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದವಳು ಅದನ್ನು ತೆಗೆದು, ನಾಟಕದವರ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಈವತ್ತು ದೀಪ ಹಚ್ಚೋ ಹೊತ್ಗೆ ನಾನು ಈ ಮನೇಲಿ ಇರಲ್ಲ, ಅದು ನನ್ಗೊಬ್ಳಿಗೇ ಗೊತ್ತು."

ರೋಮಿನ ಒಬ್ಬ ಸಾಹುಕಾರನ ಮನೆಯ ಗುಲಾಮ ಹುಡುಗಿಯ ಕಥೆ ಅದು. ಆ ವಾರದ ಪುಸ್ತಕ. ನನ್ನ ಚೀಲದಲ್ಲೇ ಇತ್ತು, ಅವತ್ತು ಹಿಂದಿರುಗಿಸಬೇಕಿತ್ತು. "ಯಾರಿಗೂ ಹೇಳ್ಬೇಡ ಲಚ್ಮಿ, ಬೇಗ ಹೋಗ್ಬಿಡು!" ಎಂದು ಫಿಲೋಮಿನಮ್ಮ ಆಟದ ಹುರುಪಿನಲ್ಲಿ ಕೂಗಿದಳು. ನಾನು ತಲೆಯೆತ್ತಿದಾಗ ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪ ಹುರುಳಿಯ ಬಕೆಟ್ಟು ಹಿಡಿದು ನಿಂತಿದ್ದರು. ಬೇರೆ ದಿನ ಆ ಹೊತ್ತಿಗೆ ಗಾಡಿ ಹೊಡೆದುಕೊಂಡು ಹೋಗಿರುತ್ತಿದ್ದರು, ನಮ್ಮ ಆಟವನ್ನು ಅವರು ಎಂದೂ ಕೇಳಿದವರಲ್ಲ. ಬಕೆಟ್ಟಿನಿಂದ ಆವಿ ಅವರ ಮುಖಕ್ಕೆ ಏಳುತ್ತಿತ್ತು. ಹಾಗೇ ಕೊಟ್ಟಿಗೆಯೊಳಕ್ಕೆ ತಿರುಗಿದರು.

ಶನಿವಾರ ಅರ್ಧ ದಿನದ ಸ್ಕೂಲು. ನಾನು ಬರುವಷ್ಟರಲ್ಲಿ ಮಾವ ಹುಲ್ಲಿನ ಹೊರೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಚಾವಟಿಯನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ, ನಿದ್ದೆ ಹೋದ ಮಗುವಿನ ಹಾಗೆ. ಹಿತ್ತಿಲಲ್ಲಿ ಸಂಜೆಯ ಹುರುಳಿ ಕುದಿಯುತ್ತಿತ್ತು. ಪುಟ್ಟತ್ತೆ ಹಂಡೆಯ ಹತ್ತಿರ ಸೌಟು ಹಿಡಿದು ನಿಂತು, ಅಣ್ಣ ಕಳಿಸುವುದಿಲ್ಲವೆನ್ನುವುದನ್ನೇ ಕಾಯುತ್ತಿದ್ದಳು.

"ಕರ್ಕೊಂಡೋಗು ಮುನಿಸಾಮಿ," ಎಂದರು ಅಪ್ಪ.

ಅಜ್ಜಿಯ ಕೈಯಿಂದ ಮೊರ ಬಿತ್ತು. ಅಪ್ಪ ತಂಗಿಯ ಮುಖ ನೋಡಲಿಲ್ಲ. "ಬೆಳಿಗ್ಗೆ ಏನಂದೆ? ದೀಪ ಹಚ್ಚೋ ಹೊತ್ಗೆ ಈ ಮನೇಲಿ ಇರಲ್ಲ ಅಂದ್ಯಲ್ಲ, ಯಾರ ಜೊತೆ ಹೊರಟಿದ್ದೆ? ಓಡಿಹೋಗಿ ಮಾನ ಕಳಿಯೋಕಿಂತ ಗಂಡನ ಮನೇಲಿರು."

ಪುಟ್ಟತ್ತೆಗೆ ನಗು ಬಂದುಬಿಟ್ಟಿತು. ಎಂಥಾ ಸಣ್ಣ ವಿಷಯ, ಈಗ ಸರಿಹೋಗುತ್ತದೆ ಎನ್ನುವ ನಗು. "ಅಯ್ಯೋ ಅಣ್ಣಾ, ಅದು ಕಥೆ! ಪಾಪನ ಪುಸ್ತಕದ್ದು!"

"ಕಥೆಯಂತೆ!" ಮಾವ ಮೀಸೆಯ ಮಜ್ಜಿಗೆ ಒರೆಸಿಕೊಂಡ. "ಕೇಳಿದ್ರಾ ಭಾವಾ? ಇವ್ಳು ಇಂಗ್ಲಿಷ್ ಕಥೆ ಬೇರೆ ಓದ್ತಾಳೆ."

ನಾನು ಅಳುತ್ತಾ ಅದು ಪುಸ್ತಕದ್ದೇ ಎಂದೆ. "ತೋರ್ಸು," ಎಂದರು ಅಪ್ಪ. ನನ್ನ ಚೀಲದಲ್ಲಿದ್ದುದು ಬೇರೆ ಪುಸ್ತಕ. ಹಳೆಯದನ್ನು ಕೊಟ್ಟು ಅವತ್ತೇ ತಂದಿದ್ದೆ. ಅದರ ಮೊದಲ ಸಾಲಿನಲ್ಲಿ ಯಾವುದೋ ಹಡಗು ಯಾವುದೋ ಬಂದರಿಗೆ ಬರುತ್ತಿತ್ತು. ಅಪ್ಪ ನನ್ನ ತಲೆ ಸವರಿದರು. "ಅತ್ತೆ ಮೇಲೆ ಆಸೆ ಮಗೀಗೆ," ಎಂದರು. ಪುಟ್ಟತ್ತೆಯ ನಗು ಆಗಲೇ ನಿಂತಿತು.

"ನಾನು ಬರಲ್ಲ," ಎಂದಳು.

ಚಾವಟಿ ಬಿಚ್ಚಿಕೊಂಡದ್ದು ನನಗೆ ಕಾಣಲಿಲ್ಲ, ಸದ್ದು ಕೇಳಿಸಿತು. ಮೊದಲ ಏಟಿಗೆ ಅದು ಅವಳ ಕತ್ತನ್ನು ಸುತ್ತಿಕೊಂಡಿತು, ಹಳೆಯ ಗೆರೆಯ ಮೇಲೆಯೇ. ಅವನು ಎಳೆದ, ಅವಳು ಬೋರಲಾಗಿ ರಂಗೋಲಿಯ ಮೇಲೆ ಬಿದ್ದಳು. ಆಮೇಲಿನ ಏಟುಗಳು ಬೆನ್ನಿನ ಮೇಲೆ. ಪ್ರತಿ ಏಟಿಗೂ ಅವನು ಜಟಕಾ ಹೊಡೆಯುವವರ ಹಾಗೆ ನಾಲಿಗೆಯಲ್ಲಿ ಲೊಚಗುಟ್ಟುತ್ತಿದ್ದ. ನೀಲಿ ರವಕೆಯ ಬೆನ್ನು ಕಪ್ಪಾಗುತ್ತಾ ಬಂತು. ರಕ್ತ ನೀಲಿಯ ಮೇಲೆ ಕೆಂಪಾಗಿ ಕಾಣುವುದಿಲ್ಲವೆಂದು ನಾನು ಕಲಿತದ್ದು ಅವತ್ತು. ಅಜ್ಜಿ "ಬಿಡೋ, ಸಾಯ್ತಾಳೆ ಬಿಡೋ" ಎಂದು ಅವನ ಕಾಲಿಗೆ ಬಿದ್ದರು, ಅವನು ಅವರನ್ನು ಮೊಣಕಾಲಿನಿಂದ ತಳ್ಳಿದ. ಅಪ್ಪ ಬಣವೆಯ ಕಡೆ ಮುಖ ಮಾಡಿ ನಿಂತು ಒಂದು ಹುಲ್ಲಿನ ಕಡ್ಡಿಯನ್ನು ಮುರಿಯುತ್ತಿದ್ದರು, ಮುರಿದದ್ದನ್ನೇ ಮತ್ತೆ ಮುರಿಯುತ್ತಿದ್ದರು. ಗೋಡೆಯಾಚೆ ಮಿಷನ್ನು ನಿಂತಿತ್ತು.

ಮಾವ ಅವಳ ಜುಟ್ಟು ಹಿಡಿದು ಎಬ್ಬಿಸಿದ. ಎದ್ದವಳು ಎರಡೂ ಕೈಯಲ್ಲಿ, ಮುರಿದಿದ್ದ ಕೈಯೂ ಸೇರಿ, ಕುದಿಯುವ ಹಂಡೆಯ ಕಂಠ ಹಿಡಿದು ಅವನ ಮೇಲೆ ಕವುಚಿದಳು. ಬರಿಗೈಯಲ್ಲಿ. ಹುರುಳಿ, ನೀರು, ಆವಿ, ಎಲ್ಲವೂ ಅವನ ಸೊಂಟದಿಂದ ಕೆಳಗೆ ಇಳಿಯಿತು. ಅವನು ಕೂಗಿದ ಕೂಗಿಗೆ ಎತ್ತುಗಳು ಹಗ್ಗ ಕಿತ್ತುಕೊಂಡು ಬೀದಿಗೆ ನುಗ್ಗಿದವು. ಉರುಳಿದ ಹಂಡೆ ಕಲ್ಲಿಗೆ ಬಡಿದು ಅದರ ಅಂಚು ನೆಗ್ಗಿತು. ಅವನು ಪಂಚೆ ಕಿತ್ತುಕೊಳ್ಳಲು ಹೋದರೆ ಪಂಚೆಯ ಜೊತೆ ತೊಡೆಯ ಚರ್ಮವೂ ಬಂತು. ಅಪ್ಪ ಆಗ ತಿರುಗಿದರು. ಎತ್ತುಗಳನ್ನು ಹಿಡಿಸಿ, ಅವನನ್ನು ಗಾಡಿಯ ಹುಲ್ಲಿನ ಮೇಲೆ ಮಲಗಿಸಿ, ಬೀದಿಯವರೆಲ್ಲ ಹಿಂದೆ ಓಡುತ್ತಾ ಆಸ್ಪತ್ರೆಗೆ ಹೋದರು. ಆ ಗದ್ದಲ ಮುಗಿದು ನಾನು ಹಿತ್ತಿಲಿಗೆ ಬಂದಾಗ ಕೋಳಿಗಳು ಹುರುಳಿ ಹೆಕ್ಕುತ್ತಿದ್ದವು, ಪುಟ್ಟತ್ತೆ ಇರಲಿಲ್ಲ. ಫಿಲೋಮಿನಮ್ಮನ ಕಡೆಯ ಗೋಡೆಯ ಸುಣ್ಣದ ಮೇಲೆ ಎರಡು ಅಂಗೈಯ ಒದ್ದೆ ಗುರುತಿತ್ತು.

ಅವಳು ಬದುಕಿದಳು, ಅಷ್ಟನ್ನು ನಿಮಗೆ ಹೇಳಿಬಿಡುತ್ತೇನೆ. ಫಿಲೋಮಿನಮ್ಮ ಅವಳನ್ನು ಕೋಲಾರದ ಕಡೆಯ ಒಂದು ಮಿಷನ್ ಆಸ್ಪತ್ರೆಗೆ ಸೇರಿಸಿದ್ದಳೆಂದು ನನಗೆ ತಿಳಿಯುವಷ್ಟರಲ್ಲಿ ನಾನು ಉದ್ದ ಲಂಗ ಬಿಟ್ಟು ಸೀರೆಗೆ ಬಂದಿದ್ದೆ. ಅವಳು ಅಲ್ಲೇ ಅಡುಗೆ ಮಾಡಿಕೊಂಡು ಇದ್ದಳು, ಅಲ್ಲೇ ತೀರಿಹೋದಳು. ಮದುವೆಯಾದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಅವಳು ನನ್ನ ತುರುಬು ಬಿಚ್ಚಿ, ಬೆಂದು ಗಟ್ಟಿಯಾಗಿದ್ದ ಅಂಗೈಯಲ್ಲಿ ಎರಡು ಜಡೆ ಹಾಕತೊಡಗಿದಳು. "ಹೇಳು, ಎಡಗಡೇದಕ್ಕೆ ನಿಂದು," ಎಂದಳು. ಸಂಸಾರಕ್ಕೆ ಬಿದ್ದ ನನಗೆ ಆ ಸಿಂಹಗಳ ಸಾಲು ಬಿಟ್ಟು ಬೇರೊಂದೂ ನೆನಪಾಗಲಿಲ್ಲ. ಅದನ್ನೇ ಹೇಳಿದೆ. ಬಲಜಡೆಗೆ ಅವಳು ಏನೂ ಹೇಳದೆ ರಿಬ್ಬನ್ ಕಟ್ಟಿದಳು. ಅಪ್ಪ ಸಾಯುವವರೆಗೂ ಅವಳ ಹೆಸರೆತ್ತಲಿಲ್ಲ, ಹಂಡೆಯ ನೆಗ್ಗಿದ ಅಂಚನ್ನು ಬಡಿಸಿ ಸರಿಮಾಡಿಸಲೂ ಇಲ್ಲ. ಮಂಡಿ ಇದ್ದಲ್ಲಿ ಈಗ ಅಂಗಡಿಗಳು. ಆ ಹಿತ್ತಿಲ ಮೆಟ್ಟಿಲು ಎಲ್ಲಿತ್ತೆಂದು ನಾನೇ ಹುಡುಕಿ ಸೋತಿದ್ದೇನೆ. ನಿಮ್ಮ ಮನೆಗಳಲ್ಲೂ ಇಂಥ ಒಬ್ಬ ಅತ್ತೆ ಇದ್ದಿರಬೇಕು, ನಿಮ್ಮ ಕೂದಲಿಗೂ ಅವಳ ಬೆರಳಿನ ನೆನಪು ಇರಬೇಕು.

ಆ ಶನಿವಾರ ಸಂಜೆ ಅಪ್ಪ ಮಾವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಿಗಾಡಿ ಹೊಡೆದುಕೊಂಡು ಬಂದರು. ಅಂಗಿಯ ಮೇಲೆಲ್ಲ ಹುರುಳಿಯ ಸಿಪ್ಪೆ. ಹಿತ್ತಿಲು, ಕೊಟ್ಟಿಗೆ, ಬಣವೆಯ ಹಿಂದೆ, ಎಲ್ಲ ಕಡೆ ನೋಡಿ ಬಂದು ಮೆಟ್ಟಿಲ ಮೇಲೆ, ಅವಳು ಕೂರುತ್ತಿದ್ದ ಜಾಗದಲ್ಲಿ ಕೂತರು. ಕೆಳಗಿನ ಮೆಟ್ಟಿಲಲ್ಲಿ ನಾನು. ಅಜ್ಜಿ ಒಳಗೆ ಗೋಡೆಗೊರಗಿ ಕೂತಿದ್ದರು. ಕತ್ತಲಾಗುತ್ತಾ ಬಂತು, ಯಾರೂ ಏಳಲಿಲ್ಲ. ಗೋಡೆಯಾಚೆ ಫಿಲೋಮಿನಮ್ಮ ಹಗ್ಗದ ಮೇಲೆ ಒಣಗಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಕೊನೆಯದನ್ನು ತೆಗೆದು ಒಳಗೆ ಹೊರಟವಳು ನಮ್ಮ ಕಡೆ ಒಂದು ಸಲ ನೋಡಿದಳು.

"ಏನ್ ಪಾಪಾ," ಎಂದಳು, "ನಿಮ್ಮನೇಲಿ ಇನ್ನೂ ದೀಪ ಹಚ್ಚಿಲ್ವಾ?"